ಚಂಡೆ ಕೇಳಬೇಕು, ಶೋಕೇಸು ನಡುಗಬಾರದು

ಈ ಸಲದ ಅಂಚೆಯಲ್ಲಿ ಮುಕ್ಕಾಲು ಪಾಲು ಸ್ಪೀಕರ್ ಪ್ರಶ್ನೆಗಳೇ. ಅಡಿಕೆ ದುಡ್ಡು ಕೈಗೆ ಬಂದಿರಬೇಕು. ಒಂದೇ ಪ್ರಶ್ನೆಯನ್ನು ನಾಲ್ಕು ಜನ ಕೇಳಿದ್ದರೆ ಒಂದೇ ಕಡೆ ಸೇರಿಸಿ ಉತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಹಳೇ ಹೆಂಚಿನ ಮನೆ. ಇಷ್ಟು ದಿನ ಮೊಬೈಲು, ಅದಕ್ಕೊಂದು ಸಣ್ಣ ಬ್ಲೂಟೂತ್ ಡಬ್ಬಿ, ಅಷ್ಟೇ ಇತ್ತು. ಕೇಳುವುದು ಯಕ್ಷಗಾನ, ಭಾವಗೀತೆ, ಸ್ವಲ್ಪ ಹಿಂದೂಸ್ತಾನಿ. ಟಿವಿಗೂ ಆಗಬೇಕು. ಹದಿನೈದು ಸಾವಿರದ ಆಸುಪಾಸು, ತೀರಾ ಬೇಕೆಂದರೆ ಸ್ವಲ್ಪ ಜಾಸ್ತಿ. ಮಗ ಮೂರು ಹೆಸರು ಕೊಟ್ಟಿದ್ದಾನೆ: ಎಡಿಫೈಯರ್ ಆರ್1280ಡಿಬಿ, ಪ್ರಿಸೋನಸ್ ಎರಿಸ್ ಇ3.5, ಇಲ್ಲವೇ ಪೋಲ್ಕ್ ಟಿ15 ತಗೊಂಡು ಅದಕ್ಕೊಂದು ಪುಟ್ಟ ಆಂಪ್ಲಿಫೈಯರ್. ಯಾವುದನ್ನು ತರಲಿ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಗ ಚೆನ್ನಾಗಿಯೇ ಹುಡುಕಿದ್ದಾನೆ. ಮೂರೂ ಒಳ್ಳೆಯವು, ಆದರೆ ಮೂರೂ ಬೇರೆ ಬೇರೆ ಮನೆಗೆ.

ಮೊದಲು ಆ ಬ್ಲೂಟೂತ್ ಡಬ್ಬಿಯ ಕಥೆ. ಚಂಡೆ ಪೆಟ್ಟು ಬಿದ್ದ ಕೂಡಲೇ ಭಾಗವತರ ದನಿ ಒಳಗೆ ಹೋದ ಹಾಗಾಗುತ್ತದೆ, ಗಮನಿಸಿದ್ದೀರಾ? ಅದು ಹಾಡಿದವರ ತಪ್ಪಲ್ಲ, ರೆಕಾರ್ಡಿಂಗಿನವರ ತಪ್ಪೂ ಅಲ್ಲ. ಅಂಗೈಯಗಲದ ಡಬ್ಬಿಗೆ ಅಷ್ಟು ದೊಡ್ಡ ಪೆಟ್ಟು ತಡೆಯುವ ತಾಕತ್ತಿಲ್ಲ, ಹಾಗಾಗಿ ಒಳಗಿನ ಸರ್ಕ್ಯೂಟು ಆ ಕ್ಷಣಕ್ಕೆ ಇಡೀ ವಾಲ್ಯೂಮನ್ನೇ ಹಿಂದಕ್ಕೆಳೆಯುತ್ತದೆ. ಪೆಟ್ಟು ಮುಗಿದ ಮೇಲೆ ಮತ್ತೆ ಬಿಡುತ್ತದೆ. ಎಳೆಯುವುದು, ಬಿಡುವುದು, ರಾತ್ರಿಯಿಡೀ ಇದೇ. ಪ್ರಸಂಗ ಮುಗಿಯುವಷ್ಟರಲ್ಲಿ ಯಾಕೋ ತಲೆ ಭಾರ ಅನ್ನಿಸುವುದು ಇದಕ್ಕೇ. ಬುಕ್‌ಶೆಲ್ಫ್ ಸ್ಪೀಕರ್ ಅಂದರೆ ಮೂಲದಲ್ಲಿ ಎರಡು ಮರದ ಪೆಟ್ಟಿಗೆ, ಒಂದೊಂದರಲ್ಲೂ ದಪ್ಪ ದನಿಗೆ ಒಂದು ವೂಫರ್, ತೆಳು ದನಿಗೆ ಒಂದು ಟ್ವೀಟರ್. ಕೆಲಸ ಹಂಚಿಕೊಂಡು ಮಾಡುತ್ತವೆ, ಎಡ ಬಲ ಬೇರೆಯಾಗಿ ಕೇಳುತ್ತದೆ. ಮೂರರಲ್ಲಿ ಯಾವುದನ್ನು ತಂದರೂ ಈ ಎಳೆದಾಟ ನಿಲ್ಲುತ್ತದೆ.

ಈಗ ಆಯ್ಕೆ. ಎಡಿಫೈಯರ್ ಮತ್ತು ಪ್ರಿಸೋನಸ್ ಎರಡಕ್ಕೂ ಆಂಪ್ಲಿಫೈಯರ್ ಹೊಟ್ಟೆಯೊಳಗೇ ಇದೆ. ಕರೆಂಟು ಕೊಟ್ಟರೆ ಆಯ್ತು. ಪೋಲ್ಕ್ ಬರೀ ಪೆಟ್ಟಿಗೆ, ಆಂಪ್ಲಿಫೈಯರ್ ಬೇರೆ ತರಬೇಕು, ವೈರ್ ಎಳೆಯಬೇಕು.

ಪ್ರಿಸೋನಸ್ ಎರಿಸ್ ಹಾಡು ರೆಕಾರ್ಡು ಮಾಡುವವರ ಮೇಜಿಗೆಂದು ಮಾಡಿದ್ದು. ಮೂರೂವರೆ ಇಂಚಿನ ವೂಫರ್. ಕಂಪ್ಯೂಟರಿನ ಆಚೀಚೆ ಇಟ್ಟುಕೊಂಡು ಮೂರ್ನಾಲ್ಕು ಅಡಿ ದೂರದಲ್ಲಿ ಕೂತರೆ ಗಾಯಕರು ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ಮುಂದುಗಡೆಯೇ ಹೆಡ್‌ಫೋನ್ ತೂತಿದೆ, ವಾಲ್ಯೂಮ್ ಇದೆ. ಆದರೆ ರಿಮೋಟಿಲ್ಲ, ಮತ್ತು ಗಾಳಿ ಬಿಡುವ ತೂತು, ಅಂದರೆ ಪೋರ್ಟು, ಹಿಂದುಗಡೆ. ನಡುಮನೆಯ ಮೂಲೆಯಲ್ಲಿಟ್ಟು ಜಗಲಿಯಲ್ಲಿ ಕೂತು ಕೇಳುತ್ತೇನೆಂದರೆ ಪಾಪ ಅದು ಏದುಸಿರು ಬಿಡುತ್ತದೆ. ಓದುವ ಹುಡುಗರ ಕೋಣೆಗೆ ಸರಿ, ನಿಮಗಲ್ಲ.

ಎಡಿಫೈಯರ್ ಆರ್1280ಡಿಬಿ ನಾಲ್ಕಿಂಚಿನದು, ಎರಡೂ ಸೇರಿ 42 ವ್ಯಾಟ್, ಆರ್‌ಎಂಎಸ್ ಲೆಕ್ಕದಲ್ಲಿ, ಅಂದರೆ ಬಿಡದೆ ಕೊಡಬಲ್ಲ ಶಕ್ತಿ. ಬ್ಲೂಟೂತ್ ಇದೆ, ರಿಮೋಟ್ ಇದೆ, ಟಿವಿಯಿಂದ ಬರುವ ಆಪ್ಟಿಕಲ್ ವೈರ್, ಅಂದರೆ ದನಿಯನ್ನು ಬೆಳಕಾಗಿ ಸಾಗಿಸುವ ವೈರ್, ಹಾಕಲು ಜಾಗವೂ ಇದೆ. ಪೋರ್ಟು ಮುಂದುಗಡೆ ಇರುವುದರಿಂದ ಗೋಡೆಗೆ ಸ್ವಲ್ಪ ಹತ್ತಿರವಿಟ್ಟರೂ ತೀರಾ ಹಾಳಾಗುವುದಿಲ್ಲ. ಒಂದು ಕಿವಿಮಾತು: ಟಿವಿಗೆ ಆಪ್ಟಿಕಲ್‌ನಲ್ಲಿ ಜೋಡಿಸಿದ ಮೇಲೆ ಸದ್ದೇ ಬರದಿದ್ದರೆ ಅಂಗಡಿಗೆ ಫೋನ್ ಮಾಡಿ ಜಗಳ ಆಡಬೇಡಿ. ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಡಾಲ್ಬಿ ಅಥವಾ ಆಟೋ ಅಂತ ಇರುವುದನ್ನು ಪಿಸಿಎಂ ಮಾಡಿ. ಬಂದುಬಿಡುತ್ತದೆ. ಇನ್ನೊಂದು ವಿಷಯ, ಕರೆಂಟು ಹೋಗುವುದು ಬಲಗಡೆ ಪೆಟ್ಟಿಗೆಗೆ ಮಾತ್ರ, ಎಡಗಡೆಯದಕ್ಕೆ ಅಲ್ಲಿಂದ ವೈರ್ ಹೋಗುತ್ತದೆ. ತಿರುಪುವ ಬಿರಡೆಗಳೂ ಬಲಗಡೆ ಪೆಟ್ಟಿಗೆಯ ಪಕ್ಕದಲ್ಲೇ ಇವೆ. ಹಾಗಾಗಿ ಪ್ಲಗ್ ಪಾಯಿಂಟ್ ಯಾವ ಕಡೆ ಇದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹಳೇ ಮನೆಗಳಲ್ಲಿ ನಡುಮನೆಗೆ ಒಂದೇ ಪಾಯಿಂಟು ಇರುತ್ತದೆ, ಅದೂ ಬಾಗಿಲ ಹಿಂದೆ, ಅಲ್ವಾ?

ಮನೆಯಲ್ಲಿ ಎಲ್ಲರೂ ಬಳಸಬೇಕು, ಟಿವಿಗೂ ಬೇಕು, ತಲೆಬಿಸಿ ಬೇಡ ಅಂದರೆ ಎಡಿಫೈಯರ್ ತನ್ನಿ. ಇದು ನಿಮ್ಮ ಪ್ರಶ್ನೆಗೆ ನೇರ ಉತ್ತರ.

ಆದರೆ ನಮ್ಮ ಮನೆಗೆ ನಾನು ತಂದದ್ದು ಮೂರನೇ ದಾರಿ. ಯಾಕೆ ಅಂತ ಹೇಳಿಬಿಡುತ್ತೇನೆ. ಐದಾರು ವರ್ಷದ ಹಿಂದೆ ನಮ್ಮಲ್ಲೂ ಆಂಪ್ಲಿಫೈಯರ್ ಒಳಗೇ ಇರುವ ಜೋಡಿಯೇ ಇತ್ತು. ಮೇ ತಿಂಗಳ ಒಂದು ಸಂಜೆ, ಮಳೆಗಿಂತ ಮುಂಚೆ ಬರೀ ಗುಡುಗು ಸಿಡಿಲು ಬರುತ್ತದಲ್ಲ, ಆ ಹೊತ್ತಲ್ಲಿ ನಾನು ತೋಟದಲ್ಲಿದ್ದೆ, ಪ್ಲಗ್ ಕಿತ್ತಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಬೋರ್ಡು ಕಪ್ಪಾಗಿತ್ತು. ವೂಫರ್, ಟ್ವೀಟರ್ ಎರಡೂ ಗಟ್ಟಿಮುಟ್ಟಾಗಿದ್ದವು, ಪೆಟ್ಟಿಗೆಗೆ ಒಂದು ಗೀರೂ ಇಲ್ಲ, ಆದರೂ ಇಡೀ ಜೋಡಿ ಗುಜರಿಗೆ. ಅದೇ ಬೋರ್ಡು ಎಲ್ಲೂ ಸಿಗಲಿಲ್ಲ. ತಪ್ಪು ನನ್ನದೇ, ಸ್ಪೀಕರಿನದಲ್ಲ. ಆಂಪ್ಲಿಫೈಯರ್ ಬೇರೆಯಿದ್ದರೆ ಸಿಡಿಲಿಗೆ ಹೋಗುವುದು ಸಾಮಾನ್ಯವಾಗಿ ಅದೊಂದೇ. ಇನ್ನೊಂದು ತಂದು ಜೋಡಿಸಿದರೆ ಆಯ್ತು, ಸ್ಪೀಕರು ಇಪ್ಪತ್ತು ವರ್ಷವೂ ಇರುತ್ತದೆ. ಪೋಲ್ಕ್ ಟಿ15ರಲ್ಲಿ ಐದೂಕಾಲಿಂಚಿನ ವೂಫರ್ ಇರುವುದರಿಂದ ಮದ್ದಳೆಯ ಗುಮ್ಮು ನಾಲ್ಕಿಂಚಿನದಕ್ಕಿಂತ ತುಂಬಿ ಬರುತ್ತದೆ. ದುಡ್ಡು ಇನ್ನಷ್ಟು ಇದ್ದವರು ಡಾಲಿ, ವಾರ್ಫ್‌ಡೇಲ್ ಕಡೆಗೂ ಕಣ್ಣು ಹಾಕಬಹುದು.

ಪುಟ್ಟ ಆಂಪ್ಲಿಫೈಯರ್ ತರುವಾಗ ಮಾತ್ರ ಡಬ್ಬದ ಮೇಲಿನ ಅಂಕಿ ನಂಬಬೇಡಿ, ಅಡಾಪ್ಟರ್ ನೋಡಿ. ಈ ಪುಟ್ಟ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಅನ್ನುವ ಚಿಪ್ಪೇ ಜೀವ. ಚಿಪ್ಪು ಒಳ್ಳೆಯದೇ. ಆದರೆ 12 ವೋಲ್ಟಿನ ಅಡಾಪ್ಟರ್ ಕೊಟ್ಟಿದ್ದರೆ 8 ಓಮ್ ಸ್ಪೀಕರಿಗೆ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಲೆಕ್ಕದ ಪ್ರಕಾರವೇ 9 ವ್ಯಾಟಿಗಿಂತ ಹೆಚ್ಚು ಶುದ್ಧವಾಗಿ ಕೊಡಲು ಸಾಧ್ಯವಿಲ್ಲ. 24 ವೋಲ್ಟಿದ್ದರೆ 36ರವರೆಗೆ. ಎರಡು ಡಬ್ಬದ ಮೇಲೂ 100 ವ್ಯಾಟ್ ಅಂತಲೇ ಬರೆದಿರುತ್ತಾರೆ!

ಎಲ್ಲಾದರೂ ಕೇಳಿ ನೋಡಲು ಅವಕಾಶ ಸಿಕ್ಕರೆ ಬಿಡಬೇಡಿ. ಶಿವಮೊಗ್ಗದ ಅಂಗಡಿಗಳಲ್ಲಿ ಟಿವಿ, ಸೌಂಡ್‌ಬಾರು ಕಣ್ಣು ತುಂಬ ಸಿಗುತ್ತವೆ, ಇಂಥ ಜೋಡಿ ಹಾಕಿ ತೋರಿಸುವವರು ಕಡಿಮೆ. ಬೆಂಗಳೂರಿಗೆ ಹೇಗೂ ಹೋಗುವುದಿದ್ದರೆ ಒಂದು ಮಧ್ಯಾಹ್ನ ಇದಕ್ಕೆ ಇಟ್ಟುಕೊಳ್ಳಿ. ಅವರು ಹಾಕುವ ಥಳುಕಿನ ಇಂಗ್ಲಿಷ್ ಹಾಡು ಕೇಳಬೇಡಿ. ನಿಮಗೆ ಬಾಯಿಪಾಠವಿರುವುದನ್ನೇ ಹಾಕಿಸಿ, ಶಿವಮೊಗ್ಗ ಸುಬ್ಬಣ್ಣನವರ ದನಿಯಾದರೆ ಇನ್ನೂ ಒಳ್ಳೆಯದು. ಆ ಕಂಠ ಹೇಗಿರಬೇಕು ಅಂತ ನಮಗೆಲ್ಲ ಗೊತ್ತು, ಮೂಗಿನಲ್ಲಿ ಹಾಡಿದ ಹಾಗೆ ಕೇಳಿದರೆ ಸ್ಪೀಕರೇ ಸರಿಯಿಲ್ಲ. ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿ, ಒಂದು ಸ್ವಲ್ಪವೇ ಜೋರಿದ್ದರೂ ನಮ್ಮ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಮಾರುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಹೊಸ ಸ್ಪೀಕರ್ ತಂದು ತಿಂಗಳಾಯಿತು. ನಮ್ಮ ಮನೆಯವರು ಶೋಕೇಸಿನ ಮೇಲೆ, ತಾರಸಿಗೆ ಒಂದಡಿ ಕೆಳಗೆ ಇಟ್ಟಿದ್ದಾರೆ. ಮಕ್ಕಳ ಕೈಗೆ ಸಿಗಬಾರದಂತೆ. ದನಿಯೆಲ್ಲ ಹಂಡೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ವಾಪಸ್ ಕೊಡಲಾ?
— ಪ್ರೈಮರಿ ಟೀಚರ್, ಸಾಗರ

ಉತ್ತರ: ವಾಪಸ್ ಕೊಡಬೇಡಿ ಟೀಚರ್, ಕೆಳಗಿಳಿಸಿ.

ಗೋಡೆ, ತಾರಸಿ ಎರಡೂ ಸೇರುವ ಮೂಲೆ ಅಂದರೆ ದಪ್ಪ ದನಿಗೆ ಹಬ್ಬ. ಸ್ಪೀಕರಿನಿಂದ ಹಿಂದಕ್ಕೂ ಮೇಲಕ್ಕೂ ಹೋದ ದಪ್ಪ ದನಿ ಅಲ್ಲಿ ತಾಗಿ ವಾಪಸ್ ಬಂದು ಮುಂದಿನದರ ಜೊತೆ ಸೇರಿಕೊಳ್ಳುತ್ತದೆ. ತೆಳು ದನಿ ಹಾಗಲ್ಲ, ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತದೆ. ನಿಮ್ಮ ಟ್ವೀಟರ್ ಎದುರು ಗೋಡೆಯ ಗಡಿಯಾರಕ್ಕೆ ಹಾಡುತ್ತಿದೆ, ಸೋಫಾದಲ್ಲಿ ಕೂತ ನಿಮಗಲ್ಲ. ದಪ್ಪ ಜಾಸ್ತಿಯಾಯಿತು, ತೆಳು ಕಡಿಮೆಯಾಯಿತು, ಹಂಡೆ ದನಿ ಅಂದರೆ ಅದೇ.

ಟ್ವೀಟರು ನೀವು ಕೂತಾಗಿನ ಕಿವಿ ಮಟ್ಟಕ್ಕೆ ಬರಲಿ. ಟಿವಿ ಸ್ಟ್ಯಾಂಡಿನ ಆಚೀಚೆ ಒಂದೊಂದು ಸ್ಟೂಲು ಸಾಕು. ಎರಡರ ನಡುವೆ ಆರಡಿ ಇದ್ದರೆ ನೀವು ಕೂರುವ ಜಾಗವೂ ಹೆಚ್ಚುಕಡಿಮೆ ಅಷ್ಟೇ ದೂರವಿರಲಿ, ಎರಡನ್ನೂ ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ಹಿಂದೆ ಗೋಡೆಗೂ ಪೆಟ್ಟಿಗೆಗೂ ಒಂದು ಗೇಣಾದರೂ ಬಿಡಿ, ಪೋರ್ಟು ಹಿಂದುಗಡೆ ಇದ್ದರೆ ಒಂದೂವರೆ ಗೇಣು. ಅಷ್ಟು ಜಾಗವೇ ಇಲ್ಲ ಅಂದರೆ ಒಂದು ಹಳೇ ಕಾಲುಚೀಲ ಸುತ್ತಿ ಪೋರ್ಟಿಗೆ ತುರುಕಿ. ನಗಬೇಡಿ, ಕೆಲವು ಕಂಪನಿಯವರು ಇದೇ ಕೆಲಸಕ್ಕೆ ಫೋಮಿನ ಬಿರಡೆ ಮಾಡಿ ಸ್ಪೀಕರಿನ ಜೊತೆಗೇ ಕೊಡುತ್ತಾರೆ.

ಸ್ಟೂಲಿನ ಮೇಲೆ ನೇರ ಇಡುವ ಬದಲು ಕೆಳಗೆ ನಾಲ್ಕು ಮೂಲೆಗೂ ರಬ್ಬರ್ ಕೊಡಿ. ಸವೆದ ಹವಾಯಿ ಚಪ್ಪಲಿ ಕತ್ತರಿಸಿದರೆ ಎಂಟು ತುಂಡು ಸಲೀಸಾಗಿ ಬರುತ್ತವೆ. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಇರುವುದು, ನೀಲಿ ಬಣ್ಣದ್ದು. ಶೋಕೇಸಿನ ಗಾಜು, ಒಳಗಿನ ಬೊಂಬೆ, ಸ್ಟೀಲ್ ಲೋಟ ಇವು ಝಣಝಣ ಅನ್ನುವುದನ್ನು ಜನ ಸ್ಪೀಕರ್ ಒಡೆದಿದೆ ಅಂತ ತಿಳಿದುಕೊಳ್ಳುತ್ತಾರೆ.

ಇದೆಲ್ಲ ಮಾಡಿದ ಮೇಲೂ ದನಿ ಕಲಸಿದ ಹಾಗಿದ್ದರೆ ಹಾಲಿನ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಯ ಹಿಂದೆ ಟ್ರಿಂಗ್ ಅಂತ ಬಾಲ ಬಂದರೆ ಕೋಣೆಯೇ ಕಾರಣ. ಹೊಸ ತಾರಸಿ ಮನೆಗಳ ಕಷ್ಟವೇ ಇದು: ನೆಲಕ್ಕೆ ನುಣ್ಣನೆ ಟೈಲ್ಸ್, ನಾಲ್ಕು ಬೋಳು ಗೋಡೆ, ಕೂರಲು ರೆಗ್ಸಿನ್ ಸೋಫಾ. ಹಳೇ ಹೆಂಚಿನ ಮನೆಯಲ್ಲಿ ಮೇಲೆ ಇಳಿಜಾರು ಮಾಡು, ಅಟ್ಟದ ತೊಲೆ, ಮೂಲೆಯಲ್ಲಿ ಅಕ್ಕಿಮೂಟೆ, ಗಳದ ಮೇಲೆ ಬಟ್ಟೆ, ಹಾಗಾಗಿ ದನಿ ಒಂದೇ ಕಡೆಗೆ ವಾಪಸ್ ಬರುವುದೇ ಇಲ್ಲ. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಆದರೂ ಕೇಳಲು ಅದಕ್ಕಿಂತ ಒಳ್ಳೆಯ ಕೋಣೆ ನಾನು ಕಂಡಿಲ್ಲ. ನಿಮ್ಮ ಹಾಲಿಗೆ ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಪುಸ್ತಕದ ಕಪಾಟು ಒಳಕೋಣೆಯಲ್ಲಿದ್ದರೆ ಹಾಲಿಗೆ ತನ್ನಿ. ಮಕ್ಕಳ ವಿಷಯಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಟ್ವೀಟರಿಗೆ ಬೆರಳು ಹಾಕಿ ಒತ್ತುವುದು ಮಕ್ಕಳ ಜನ್ಮಸಿದ್ಧ ಹಕ್ಕು. ಮುಂದಿನ ಬಲೆ ತೆಗೆಯಬೇಡಿ, ಅಷ್ಟೇ.

ಪ್ರಶ್ನೆ: ನೀವು ಹೇಳುವ ಸ್ಪೀಕರ್ 42 ವ್ಯಾಟ್. ನಮ್ಮಲ್ಲಿ 1995ರಲ್ಲಿ ತಂದ ಟೇಪ್‌ರೆಕಾರ್ಡರ್ ಮೇಲೇ 1000 ವ್ಯಾಟ್ ಅಂತ ಇದೆ. ಕಡಿಮೆ ಆಗಲ್ವಾ?
— ನಿವೃತ್ತ ನೌಕರರು, ಭದ್ರಾವತಿ

ಉತ್ತರ: ಆ 1000ದ ಮುಂದೆ ಸಣ್ಣಕ್ಷರದಲ್ಲಿ ಪಿಎಂಪಿಒ ಅಂತ ಇದೆಯಾ ನೋಡಿ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ಎಷ್ಟು ಬಂದೀತು ಅನ್ನುವ ಲೆಕ್ಕ, ಅದಕ್ಕೊಂದು ಕಟ್ಟುನಿಟ್ಟಿನ ಅಳತೆಯೂ ಇರಲಿಲ್ಲ, ಮನಸ್ಸಿಗೆ ಬಂದಷ್ಟು ಬರೆಯುತ್ತಿದ್ದರು. ಆರ್‌ಎಂಎಸ್ ಅಂದರೆ ಬಿಡದೆ ಕೊಡಬಲ್ಲ ಶಕ್ತಿ. ಅಂಥ ಟೇಪ್‌ರೆಕಾರ್ಡರಿಂದ ನಿಜವಾಗಿ ಬರುತ್ತಿದ್ದುದು ಹತ್ತಿಪ್ಪತ್ತು ವ್ಯಾಟು.

ಇನ್ನೊಂದು ಮಾತು. ವ್ಯಾಟ್ ಎರಡು ಪಟ್ಟಾದರೆ ದನಿ ಎರಡು ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಏರುತ್ತದೆ, ಕಿವಿಗೆ 'ಓ, ಸ್ವಲ್ಪ ಜೋರಾಯ್ತು' ಅನ್ನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರಿನ ವಿವರದಲ್ಲಿ 85 ಡೆಸಿಬೆಲ್, 88 ಡೆಸಿಬೆಲ್ ಅಂತ ಇರುತ್ತದಲ್ಲ, ಅದು ಒಂದೇ ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದದ್ದು. ನಾವು ಮಾತಾಡುವುದೇ 60ರ ಆಸುಪಾಸು. ರಾತ್ರಿ ಊಟವಾದ ಮೇಲೆ ಹಾಡು ಕೇಳುವಾಗ ನಿಮ್ಮ ಸ್ಪೀಕರ್ ಒಂದು ವ್ಯಾಟೂ ತಿನ್ನುತ್ತಿರುವುದಿಲ್ಲ. ಹೆಚ್ಚಿನದು ಬೇಕಾಗುವುದು ಚಂಡೆಯಂಥ ಪೆಟ್ಟಿಗೆ, ಮತ್ತೆ ಪುನರ್ವಸು ಮಳೆ ಶೀಟಿನ ಮಾಡಿನ ಮೇಲೆ ಹೊಯ್ಯುವಾಗ. ಆಗ 42 ಅಲ್ಲ, ನಿಮ್ಮ 1000 ಇದ್ದರೂ ಸುಮ್ನೆ ಆಫ್ ಮಾಡಿ ಮಳೆ ಕೇಳುವುದೇ ಲೇಸು.

ಪ್ರಶ್ನೆ: ಲ್ಯಾಪ್‌ಟಾಪ್ ಜೋಡಿಸಿದರೆ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ. ಅಂಗಡಿಯವರು ಪ್ಲಗ್ಗಿನ ದಪ್ಪ ಪಿನ್ ತೆಗೆದುಬಿಡಿ ಅಂದರು. ತೆಗೆಯಲಾ?
— ಮನೆಯಿಂದಲೇ ಕೆಲಸ ಮಾಡುವವರು, ಕೊಪ್ಪ

ಉತ್ತರ: ಖಂಡಿತ ಬೇಡ. ಆ ದಪ್ಪ ಪಿನ್ನು ಅರ್ಥಿಂಗ್, ಅದು ನಿಮ್ಮ ಜೀವ ಕಾಯುವುದು.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ ನೋಡಿ. ಗುಂಯ್ ನಿಂತಿತಾ? ಹಾಗಾದರೆ ಸ್ಪೀಕರಿಗೆ ಏನೂ ಆಗಿಲ್ಲ. ಲ್ಯಾಪ್‌ಟಾಪಿಗೊಂದು ಅರ್ಥ್ ದಾರಿ, ಸ್ಪೀಕರಿಗೊಂದು ದಾರಿ, ಎರಡರ ನಡುವೆ ಆಡಿಯೋ ವೈರ್. ಅಲ್ಲೊಂದು ಸುತ್ತು ಆಗಿ ಕರೆಂಟಿನ 50 ಹರ್ಟ್ಸ್ ಅದರೊಳಗೆ ತಿರುಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಬಹಳ ಸಲ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಕೇಳಿ ತನ್ನಿ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಹಾಡು ದಾಟುತ್ತದೆ, ಗುಂಯ್ ದಾಟುವುದಿಲ್ಲ. ಬ್ಲೂಟೂತ್ ಅಥವಾ ಆಪ್ಟಿಕಲ್ ಬಳಸಿದರೆ ಈ ತಕರಾರೇ ಇಲ್ಲ, ನಡುವೆ ತಾಮ್ರವೇ ಇಲ್ಲವಲ್ಲ.

ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಜಿರ್ ಅಂದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್. ಸೈನ್ ವೇವ್ ಇರುವುದಕ್ಕೆ ಬದಲಾಯಿಸುವವರೆಗೆ ಸಹಿಸಿಕೊಳ್ಳಿ. ಬೇಸಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ. ನಮ್ಮ ಜಂಬಿಟ್ಟಿಗೆ ನೆಲ ಮಾರ್ಚಿ ಬಂತೆಂದರೆ ಒಣಗಿ ಕಲ್ಲಾಗುತ್ತದೆ, ಒಣ ಗುಂಡಿ ಇದ್ದೂ ಇಲ್ಲದ ಹಾಗೆ. ಇನ್ನು ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಸ್ವಿಚ್ಚಿನೊಳಗಿನ ಸಂದು ಎಷ್ಟಿರುತ್ತದೆ? ಮೋಡದಿಂದ ನೆಲಕ್ಕೆ ಹಾರಿಬಂದ ಸಿಡಿಲಿಗೆ ಅದೇನು ದೊಡ್ಡದು.

ಪ್ರಶ್ನೆ: ನಮ್ಮದು ಆಗುಂಬೆ ಘಟ್ಟದ ಮೇಲಿನ ಊರು. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಸ್ಪೀಕರ್ ಉಳಿಯುತ್ತದಾ?
— ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕಡೆ ಕೇಳಬೇಕಾದ ಪ್ರಶ್ನೆಯೇ ಇದು. ಸ್ಪೀಕರಿನ ವಿಮರ್ಶೆ ಬರೆಯುವವರು ಯಾರೂ ಇದರ ಸುದ್ದಿ ಎತ್ತುವುದಿಲ್ಲ.

ಉಳಿಯುತ್ತದೆ, ಆದರೆ ಕೊಳ್ಳುವಾಗಲೇ ನೋಡಬೇಕು. ಕೋನಿನ, ಅಂದರೆ ವೂಫರಿನಲ್ಲಿ ಒಳಗೆ ಹೊರಗೆ ಅಲುಗಾಡುವ ಬಟ್ಟಲಿನ, ಸುತ್ತ ಇರುವ ಬಳೆ ರಬ್ಬರಿನದಾಗಿರಲಿ. ಫೋಮಿನದಾದರೆ ಹತ್ತು ಹದಿನೈದು ವರ್ಷಕ್ಕೆ ತಾನಾಗಿ ಪುಡಿಯಾಗುತ್ತದೆ, ನಮ್ಮ ಶೀತಕ್ಕೆ ಇನ್ನೂ ಬೇಗ. ಸೆಕೆಂಡ್‌ಹ್ಯಾಂಡ್ ತರುವವರು ಆ ಬಳೆಯನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ, ಪುಡಿ ಅಂಟಿದರೆ ಬಿಟ್ಟು ಬನ್ನಿ. ಪೆಟ್ಟಿಗೆ ಬಹುತೇಕ ಎಂಡಿಎಫ್, ಅಂದರೆ ಮರದ ಹುಡಿ ಒತ್ತಿ ಮಾಡಿದ ಹಲಗೆ. ಮೇಲಿನ ಹಾಳೆ ಕಿತ್ತು ಬಂದ ಕಡೆ ನೀರು ಕುಡಿದು ಬ್ರೆಡ್ಡಿನ ಹಾಗೆ ಉಬ್ಬುತ್ತದೆ. ಅಂಚು ಕಿತ್ತಿದ್ದರೆ ಜೂನಿಗೆ ಮೊದಲೇ ಫೆವಿಕಾಲ್ ಹಾಕಿ ಕೂರಿಸಿ.

ಮಳೆ ಬಡಿಯುವ ಗೋಡೆಗೆ ಒತ್ತಿ ಇಡಬೇಡಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗಿನ ಶೀತ ಒಳಗೇ ಕೂರುತ್ತದೆ. ಹಳೇ ಪಂಚೆ ಸಾಕು. ಎಲ್ಲಕ್ಕಿಂತ ಮುಖ್ಯ, ವಾರಕ್ಕೆ ಮೂರ್ನಾಲ್ಕು ದಿನವಾದರೂ ಅರ್ಧ ಗಂಟೆ ಹಾಡು ಹಾಕಿ. ಆಂಪ್ಲಿಫೈಯರಿನ ಬಿಸಿಗೆ ಒಳಗೆ ಒಣಗುತ್ತದೆ, ಕೋನ್ ಅಲುಗಾಡುತ್ತದೆ. ನಾಲ್ಕು ತಿಂಗಳು ಕಟ್ಟಿಟ್ಟು ದೀಪಾವಳಿಗೆ ತೆಗೆದರೆ ಕರಕರ ಅನ್ನದೆ ಇನ್ನೇನು ಮಾಡುತ್ತದೆ? ವೈರಿನ ಪಿನ್ನುಗಳನ್ನು ತಿಂಗಳಿಗೊಮ್ಮೆ ಕಿತ್ತು ತಿರುಗಿಸಿ ಹಾಕಿ, ಹಸಿರು ಹಿಡಿಯುವುದಿಲ್ಲ.

ಮಳೆ ನಿಂತ ಮೇಲೆ ಇನ್ನೊಬ್ಬರು ಬರುತ್ತಾರೆ, ಕುಂಬಾರ ಹುಳ. ಒಂದು ವರ್ಷ ನಮ್ಮ ಸ್ಪೀಕರಿನ ಎಡಗಡೆ ದನಿ ಯಾಕೋ ಸಪ್ಪೆ ಅಂತ ವೈರ್ ಬದಲಾಯಿಸಿದೆ, ಆಂಪ್ಲಿಫೈಯರ್ ಬದಲಾಯಿಸಿದೆ, ಕೊನೆಗೆ ತಿರುಗಿಸಿ ನೋಡಿದರೆ ಹಿಂದಿನ ಪೋರ್ಟಿಗೆ ನುಣ್ಣಗೆ ಮಣ್ಣು ಮೆತ್ತಿ ಮನೆ ಕಟ್ಟಿಕೊಂಡಿತ್ತು. ಗಿಲಾವು ಕೆಲಸದವರೂ ಅಷ್ಟು ಸೊಗಸಾಗಿ ಮಾಡಲಾರರು. ಈಗ ಪೋರ್ಟಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ. ದನಿಗೇನೂ ಆಗಿಲ್ಲ.

ಪ್ರಶ್ನೆ: ಅಪ್ಪನಿಗೆ ಭದ್ರಾವತಿ ಆಕಾಶವಾಣಿ ಬಿಟ್ಟು ಬೇರೇನೂ ಬೇಡ. ರೇಡಿಯೋವನ್ನು ಹೊಸ ಸ್ಪೀಕರಿಗೆ ಜೋಡಿಸಿದರೆ ಚೆನ್ನಾಗಿ ಕೇಳುತ್ತದಾ?
— ಹೊಸನಗರ

ಉತ್ತರ: ಜೋರಾಗಿ ಕೇಳುತ್ತದೆ, ಚೆನ್ನಾಗಿ ಅಂದರೆ ಅಷ್ಟೇನಿಲ್ಲ. 675 ಕಿಲೋಹರ್ಟ್ಸ್‌ನ ಮೀಡಿಯಂ ವೇವಿನಲ್ಲಿ ಬರುವ ದನಿಗೆ ಮೇಲ್ಗಡೆ ನಾಲ್ಕೈದು ಸಾವಿರ ಹರ್ಟ್ಸ್‌ಗೇ ಕತ್ತರಿ ಬಿದ್ದಿರುತ್ತದೆ. ಟ್ವೀಟರಿಗೆ ಮಾಡಲು ಕೆಲಸವೇ ಇಲ್ಲ, ಬರೀ ಗರಗರ ಎತ್ತಿ ತೋರಿಸುತ್ತದೆ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಆ ಪುಟ್ಟ ಆಂಪ್ಲಿಫೈಯರಿನ ಅಡಾಪ್ಟರು, ಇವೂ ಮೀಡಿಯಂ ವೇವಿಗೆ ಗರಗರ ಸೇರಿಸುತ್ತವೆ. ನೆಟ್‌ವರ್ಕ್ ಸಿಗುವ ಮನೆಯಾದರೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಆಕಾಶವಾಣಿ ಹಾಕಿ, ಬ್ಲೂಟೂತಿನಲ್ಲಿ ಸ್ಪೀಕರಿಗೆ ಬಿಡಿ, ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಅಪ್ಪನ ರೇಡಿಯೋವನ್ನು ತೆಗೆದಿಡಬೇಡಿ. ಎರಡು ದಿನ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದಾಗ ಸೆಲ್ ಹಾಕಿದ ಅದೇ ರೇಡಿಯೋ ಬೇಕಾಗುತ್ತದೆ.

ಪ್ರಶ್ನೆ: ನಮ್ಮ ಹತ್ತಿರ ಮೈಕ್‌ಸೆಟ್ಟಿನ ಆಂಪ್ಲಿಫೈಯರ್ ಇದೆ. ಅದಕ್ಕೇ ಬುಕ್‌ಶೆಲ್ಫ್ ಸ್ಪೀಕರ್ ಜೋಡಿಸಬಹುದಾ? ಮತ್ತೆ ವೈರ್ ಯಾವುದು ಹಾಕಬೇಕು?
— ಶಾಮಿಯಾನ, ಮೈಕ್‌ಸೆಟ್ ಬಾಡಿಗೆಯವರು, ಸೊರಬ

ಉತ್ತರ: ಹಿಂದುಗಡೆ 100 ವೋಲ್ಟ್, 70 ವೋಲ್ಟ್ ಅಂತ ಬರೆದ ತಿರುಪಿಗೆ ಮಾತ್ರ ಜೋಡಿಸಬೇಡಿ, ಮನೆ ಸ್ಪೀಕರ್ ಒಂದೇ ಏಟಿಗೆ ಹೋಗುತ್ತದೆ. ಅದು ದೂರದೂರ ಕಟ್ಟುವ ಹಾರ್ನುಗಳಿಗೆ. ಕಾಮನ್ ಮತ್ತು 8 ಓಮ್ ಅಂತ ಇರುವ ಕಡೆ ಜೋಡಿಸಿ, ವಾಲ್ಯೂಮ್ ಕಾಲು ಭಾಗ ದಾಟಿಸಬೇಡಿ. ಹಾಗೆ ಮಾಡಿದರೂ ಅದು ಮೊನೊ, ಒಂದೇ ದಾರಿ, ಎಡ ಬಲ ಬರುವುದಿಲ್ಲ. ಭಾಷಣಕ್ಕೆಂದು ಮಾಡಿದ್ದರಿಂದ ಹಾಡಿನ ಕೆಳಗಿನದೂ ಮೇಲಿನದೂ ಕತ್ತರಿಸಿದ ಹಾಗಿರುತ್ತದೆ. ನಾನಾಗಿದ್ದರೆ ಅದನ್ನು ಗಣಪತಿ ಪೆಂಡಾಲಿಗೇ ಬಿಟ್ಟು ಮನೆಗೆ ಬೇರೆ ತರುತ್ತಿದ್ದೆ.

ವೈರಿಗೆ ದುಡ್ಡು ಸುರಿಯಬೇಡಿ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 1.5 ಚದರ ಮಿಲಿಮೀಟರಿನ ಎರಡೆಳೆ ತಾಮ್ರದ ವೈರ್ ಸಾಕು, ಐದು ಮೀಟರ್ ಎಳೆದರೂ ಹೋಗಿ ಬರುವ ದಾರಿಗೆ ಒಂದು ಓಮಿನ ಎಂಟನೇ ಒಂದು ಭಾಗದಷ್ಟೇ ತಡೆ. ಬರೀ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯಾ ನೋಡಿ. ಒಂದು ಕಡೆ ಅದಲುಬದಲಾದರೆ ದಪ್ಪ ದನಿ ಮಾಯವಾಗುತ್ತದೆ, ಹಾಡುವವರು ಎಲ್ಲಿ ನಿಂತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಹಳೇ ಸ್ಪೀಕರಿನಲ್ಲಿ ಬಣ್ಣ ಮಾಸಿದ್ದರೆ ಗಡಿಯಾರದ ಸೆಲ್ ತಗೊಂಡು ಎರಡು ತುದಿಗೆ ಒಂದು ಕ್ಷಣ ತಾಗಿಸಿ. ವೂಫರ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಕೆಂಪು, ಒಳಗೆ ಹೋದರೆ ಅದು ಕಪ್ಪು.